ಗಾಳಿಯ ತವರಿಗೆ

ದೇವನಹಳ್ಳಿಯಲ್ಲಿ ಹುಟ್ಟಿ ಬೆಳೆದವನಿಗೆ ನೀರೆಂದರೆ ಕೆರೆ. ಅದೂ ಬೇಸಿಗೆ ಬರುವ ಮೊದಲೇ ತಳ ಕಾಣಿಸುವ ಕೆರೆ. ದೋಣಿಯೆಂದರೆ ಮೊದಲ ಮಳೆಗೆ ಲೆಕ್ಕದ ಪುಸ್ತಕದ ಹಾಳೆ ಹರಿದು ಬೀದಿಯ ಮೋರಿಯಲ್ಲಿ ತೇಲಿಬಿಟ್ಟದ್ದು. ಆದರೆ ಗಾಳಿಯ ವಿಷಯದಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಸುಗ್ಗಿಯಲ್ಲಿ ಕಣದ ನಡುವೆ ರಾಗಿಯ ರಾಶಿ ಇಟ್ಟುಕೊಂಡು, ಮೊರ ಹಿಡಿದು, ಮೂಡಲ ಗಾಳಿ ಏಳಲಿ ಎಂದು ಕಾದ ಮಂದಿ ನಾವು. ‘ಗಾಳಿ ಬಂದಾಗ ತೂರಿಕೋ’ ಅನ್ನುವುದು ನಮ್ಮಲ್ಲಿ ಗಾದೆಯಾಗುವ ಮೊದಲು ಬರೀ ಕೆಲಸದ ಮಾತಾಗಿತ್ತು.

2008ರ ಮೇ ತಿಂಗಳಲ್ಲಿ ಊರ ಪಕ್ಕಕ್ಕೆ ವಿಮಾನ ನಿಲ್ದಾಣ ಬಂದಾಗ ಅದರ ರನ್‌ವೇಯನ್ನೂ ಮೂಡಲಿಂದ ಪಡುವಲಿಗೇ ಹಾಸಿದರು. ವಿಮಾನ ಗಾಳಿಗೆ ಎದುರಾಗಿಯೇ ಏಳಬೇಕು. ಸುಗ್ಗಿಯ ದಿನಗಳಲ್ಲಿ ಹೆಚ್ಚಾಗಿ ಮೂಡಲಿಗೆ ಮುಖ ಮಾಡಿ, ಮಳೆಗಾಲದಲ್ಲಿ ಪಡುವಲಿಗೆ. ನಮ್ಮಜ್ಜ ಕಣ ಮಾಡಿದ್ದಕ್ಕೂ ಇವರು ರನ್‌ವೇ ಮಾಡಿದ್ದಕ್ಕೂ ವಾಸ್ತು ಒಂದೇ ಎಂದು ನಾವು ನಾಲ್ವರು ಗೆಳೆಯರು ನಗುವುದುಂಟು. ನಮ್ಮಲ್ಲೊಬ್ಬ ಆ ನಿಲ್ದಾಣದಲ್ಲೇ ಕೆಲಸಕ್ಕಿದ್ದಾನೆ. ಒಬ್ಬನದು ಚಕ್ಕೋತದ ತೋಟ. ಇನ್ನೊಬ್ಬರು ಸರ್ಕಾರಿ ಶಾಲೆಯ ಮೇಷ್ಟ್ರು; ಒಂದನೇ ಕ್ಲಾಸಿನಿಂದ ಜೊತೆಗಿದ್ದರೂ ನೌಕರಿ ಸಿಕ್ಕ ದಿನದಿಂದ ಎಲ್ಲರ ಬಾಯಲ್ಲೂ ‘ಮೇಷ್ಟ್ರೇ’. ಕೋಟೆಯ ಗೋಡೆಯ ಮೇಲೆ ಕೂತು ವಿಮಾನ ಎಣಿಸುತ್ತಿದ್ದ ಒಂದು ಸಂಜೆ ಏರ್‌ಪೋರ್ಟಿನವನು ಅಂದ: “ಆಷಾಢದಾಗೆ ನಮ್ಮ ತಗಡು ಹಾರಿಸ್ಕೊಂಡು ಹೋಗೋ ಗಾಳಿ ಐತಲ್ಲ, ಅದು ಹುಟ್ಟೋದು ಸಮುದ್ರದಾಗೆ ಕಣ್ರೋ. ನೀರೆಲ್ಲ ಘಟ್ಟಕ್ಕೆ ಸುರಿದು ನಮಗೆ ಬರೀ ಕೈಲಿ ಬತ್ತದೆ. ಒಂದ್ ಸಲ ಅದರ ತವರು ನೋಡ್ಕೊಂಡು ಬರಾನ.”

ಹಾಗೆ ಹೊರಟದ್ದು ಕಾರವಾರಕ್ಕೆ. ಪುಷ್ಯ ಮಾಸದ ಕೊನೆ. ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿಯಿಡೀ ಘಟ್ಟ ಇಳಿದು ಬೆಳಿಗ್ಗೆ ಹೊನ್ನಾವರದ ಹತ್ತಿರ ಶರಾವತಿಯ ಮೇಲೆ ಬಂತು. ಸೇತುವೆಯೇ ಎರಡು ಕಿಲೋಮೀಟರ್‌ಗೂ ಉದ್ದ. ಇಷ್ಟು ನೀರು ಯಾರ ಕೆರೆಗೂ ಹೋಗದೆ ಸುಮ್ಮನೆ ಸಮುದ್ರ ಸೇರುತ್ತಿದೆಯಲ್ಲ ಎಂದು ತೋಟದವನಿಗೆ ಸಂಕಟ. ಕಿಟಕಿಗೆ ಹಣೆ ಒತ್ತಿ ಕೂತವನು ಕುಮಟಾದವರೆಗೂ ಮಾತಾಡಲಿಲ್ಲ.

ಕಾರವಾರದಲ್ಲಿ ಪ್ರವಾಸಿಗರನ್ನು ಸುತ್ತಿಸುವ ಇಂಜಿನ್ ದೋಣಿಗಳಿಗೆ ಬರವಿಲ್ಲ. ನಮಗೆ ಬೇಕಾದದ್ದು ಹಾಯಿ. ಕಾಳಿ ನದಿಯ ದಡದಲ್ಲಿ ವಿಚಾರಿಸಿದರೆ ಹುಡುಗರು ನಕ್ಕರು. ಕೊನೆಗೊಬ್ಬ ಹಿರಿಯ ತಾಂಡೇಲರು, ಎಂದರೆ ದೋಣಿ ನಡೆಸುವ ಯಜಮಾನರು, ಸಿಕ್ಕರು. ಅರವತ್ತು ದಾಟಿದ ವಯಸ್ಸು, ಕೊಂಕಣಿ ಮನೆಮಾತು. ದೋಣಿಯ ಬೆನ್ನಿಗೆ ಸೀಮೆಎಣ್ಣೆಯ ಇಂಜಿನ್ ಕಟ್ಟಿದ್ದರೂ ಹಳೆಯ ಮುಮ್ಮೂಲೆ ಹಾಯಿಯನ್ನು ಮನೆಯ ಅಟ್ಟದಲ್ಲಿ ಸುತ್ತಿಟ್ಟಿದ್ದರು. ಅದಕ್ಕೆ ಅವರ ಮಾತಿನಲ್ಲಿ ‘ಶೀಡ’. ಬಿಡಿಸಿ ನೋಡಿದರೆ ನಮ್ಮ ಅಜ್ಜಿಯ ಕೌದಿಯ ಹಾಗೆ ತೇಪೆಯ ಮೇಲೆ ತೇಪೆ.

“ಬೆಳಗಿನ ಜಾವ ಐದಕ್ಕೆ ಬನ್ನಿ. ಬಿಸಿಲು ಏರಿದ್ರೆ ಆ ಗಾಳಿ ಸಾಯ್ತದೆ” ಅಂದರು.

ಗಾಳಿಗೂ ಹುಟ್ಟು ಸಾವು ಉಂಟೆಂದು ನಮಗೆ ತಿಳಿದದ್ದು ಅಲ್ಲಿ. ಹಗಲಲ್ಲಿ ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ಕಾದ ನೆಲದ ಗಾಳಿ ಹಗುರಾಗಿ ಮೇಲೇರಿದಾಗ ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ರಾತ್ರಿ ನೆಲವೇ ಮೊದಲು ಆರುವುದರಿಂದ ಗಾಳಿ ತಿರುಗಿ ಕಡಲಿಗೆ ಇಳಿಯುತ್ತದೆ. ಕಡಲಿಂದ ಬರುವುದು ‘ಖಾರೆ ವಾರೆ’, ಉಪ್ಪುಗಾಳಿ. ನೆಲದಿಂದ ಹೋಗುವುದು ‘ಮತಲಯಿ’. ಇಂಜಿನ್ ಬರುವ ಮುಂಚೆ ಕರಾವಳಿಯ ಮೀನುಗಾರರ ದಿನಚರಿಯೇ ಈ ಎರಡರ ಮೇಲೆ ನಿಂತಿತ್ತು. ನಸುಕಿನ ಮತಲಯಿ ಹೊರಗೆ ಒಯ್ಯುತ್ತದೆ, ಮಧ್ಯಾಹ್ನದ ಉಪ್ಪುಗಾಳಿ ಮನೆಗೆ ತರುತ್ತದೆ. ಹೋಗಿಬರುವ ಟಿಕೇಟು ಎರಡೂ ಪುಕ್ಕಟೆ.

ಮರುದಿನ ಕತ್ತಲಲ್ಲೇ ದಡಕ್ಕೆ ಹೋದೆವು. ತಾಂಡೇಲರು ಮೊದಲು ಕೊಟ್ಟದ್ದು ಲೈಫ್ ಜಾಕೆಟ್. ಮೇಷ್ಟ್ರು ‘ಆಮೇಲೆ ಹಾಕ್ಕೊಂಡ್ರಾಯ್ತು’ ಎಂದು ಪಕ್ಕಕ್ಕಿಟ್ಟರು. ಮುದುಕರು ಹಗ್ಗ ಬಿಚ್ಚುವುದನ್ನು ನಿಲ್ಲಿಸಿ ಸುಮ್ಮನೆ ನಿಂತುಬಿಟ್ಟರು. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಇದೇ ನೀರಿನಲ್ಲಿ ಮಗುಚಿ 16 ಜನ ಹೋದರು. ಅದನ್ನು ಅವರು ಹೇಳಿದ್ದು ಒಂದೇ ವಾಕ್ಯದಲ್ಲಿ. ಮೇಷ್ಟ್ರು ಜಾಕೆಟ್ ತೊಟ್ಟು ಎರಡೆರಡು ಗಂಟು ಹಾಕಿಕೊಂಡರು.

ಅಳಿವೆ ದಾಟುವ ತನಕ ಹತ್ತು ನಿಮಿಷ ಇಂಜಿನ್. ಆಮೇಲೆ ಅದನ್ನು ನಿಲ್ಲಿಸಿ ಶೀಡ ಏರಿಸಿದರು. ಬೆನ್ನಿಗೆ ತಣ್ಣನೆಯ ಗಾಳಿ ತಾಗಿತು. ಬಟ್ಟೆ ಒಮ್ಮೆ ಪಟಪಟ ಬಡಿದು, ಬಾಣಂತಿಯ ಪಕ್ಕದ ಮಗು ಉಸಿರೆಳೆದುಕೊಂಡ ಹಾಗೆ ತುಂಬಿಕೊಂಡು ಸುಮ್ಮನಾಯಿತು. ದೋಣಿ ಚಲಿಸುತ್ತಿದೆ, ಸದ್ದೇ ಇಲ್ಲ. ನೆತ್ತಿಯ ಮೇಲೆ ವಿಮಾನದ ಗುಡುಗು ಕೇಳಿಕೊಂಡೇ ಇಷ್ಟು ವರ್ಷ ಬದುಕಿದ ನಮಗೆ, ಇಷ್ಟು ಭಾರದ್ದೊಂದು ಸದ್ದಿಲ್ಲದೆ ಮುಂದೆ ಹೋಗುತ್ತದೆ ಎನ್ನುವುದೇ ಮಾಯೆ.

“ಈ ಗಾಳಿ ನಮ್ಮ ಕಡೆಯಿಂದಾನೇ ಬಂದಿರ್ಬೇಕು” ಅಂದ ತೋಟದವನು. ಪೂರ್ತಿ ಸುಳ್ಳಲ್ಲ. ಆ ತಿಂಗಳಲ್ಲಿ ಬಯಲುಸೀಮೆಯ ಮೇಲೆ ಬೀಸುವುದು ಮೂಡಲ ಗಾಳಿಯೇ. ನಮ್ಮ ಕಣದಲ್ಲಿ ರಾಗಿಯ ಹೊಟ್ಟು ಹಾರಿಸಿದ್ದು ಘಟ್ಟ ಇಳಿದು ಬಂದು ಇಲ್ಲಿ ದೋಣಿ ತಳ್ಳುತ್ತಿದೆ ಎಂದುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಅಷ್ಟರಲ್ಲಿ ಏರ್‌ಪೋರ್ಟಿನವನು “ಲೇ, ನೀರಿಗೆ ಬೆಂಕಿ ಬಿದ್ದೈತೆ” ಎಂದು ಕೂಗಿದ. ಚುಕ್ಕಾಣಿಯ ಹಿಂದೆ ನೀರು ಹಸಿರು ಹಸಿರಾಗಿ ಉರಿಯುತ್ತಿತ್ತು. ಕೈ ಅದ್ದಿದರೆ ಬೆರಳ ಸಂದಿಯಿಂದ ಕಿಡಿ ಸೋರಿತು. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಬೆಳಕು. ಅಲುಗಿಸಿದರೆ ಮಿನುಗುತ್ತವೆ, ಬಿಟ್ಟರೆ ಆರುತ್ತವೆ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು ಇದಕ್ಕೆಲ್ಲ ಹೆಸರು ಹೇಳಬಲ್ಲವರು. ಅವರೂ ಮಕ್ಕಳ ಹಾಗೆ ತೋಳು ಮಡಚಿ ನೀರು ಕಲಕುತ್ತ ಕೂತರು. ಅಮಾವಾಸ್ಯೆಯ ಹತ್ತಿರದ ಕತ್ತಲು. ಮೇಲೆ ಚುಕ್ಕೆ, ಕೆಳಗೂ ಚುಕ್ಕೆ.

ಬೆಳಕು ಹರಿದಾಗ ಹಿಂದೆ ಸಹ್ಯಾದ್ರಿ ನೀಲಿಯ ಮೇಲೆ ನೀಲಿಯಾಗಿ ಸಾಲುಗಟ್ಟಿತ್ತು. ಬೆಟ್ಟವೆಂದರೆ ನಂದಿ ಒಂದೇ ಎಂದುಕೊಂಡವರ ಗರ್ವ ಅಲ್ಲಿಗೆ ಇಳಿಯಿತು. ಮುಂದೆ ದೇವಗಡದ ದೀಪಸ್ತಂಭ; 1864ರಿಂದ ಬಂಡೆಯ ಮೇಲೆ ನಿಂತಿದೆ. ಅದರಾಚೆಗೆ ದಿಗಂತದವರೆಗೆ ಏನೂ ಇಲ್ಲ. ದಕ್ಷಿಣಕ್ಕೆ ದೂರದಲ್ಲಿ ಅಂಜುದೀವ್. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ತಂಗಿದ್ದ. 1662ರಲ್ಲಿ ಮುಂಬಯಿಯನ್ನು ವಶಕ್ಕೆ ಪಡೆಯಲು ಬಂದ ಇಂಗ್ಲಿಷ್ ದಂಡು, ಪೋರ್ಚುಗೀಸರು ಊರು ಬಿಟ್ಟುಕೊಡದೆ ಸತಾಯಿಸಿದ್ದರಿಂದ, ಅದೇ ದ್ವೀಪದಲ್ಲಿ ಕಾಯುತ್ತ ರೋಗ ಹತ್ತಿ ಬಹುಪಾಲು ಸತ್ತಿತು. ದಂಡಿನ ಮುಖ್ಯಸ್ಥ ಅಬ್ರಹಾಂ ಶಿಪ್‌ಮನ್‌ನೂ ಅಲ್ಲೇ ಹೋದ. ಈಗ ಅದು ನೌಕಾಪಡೆಯ ನೆಲೆಗೆ ಸೇರಿದೆ. ಹತ್ತಿರ ಸುಳಿಯುವಂತಿಲ್ಲ. ತಾಂಡೇಲರು ಕೈಯೆತ್ತಿ ತೋರಿಸಿ, ತಕ್ಷಣ ದೋಣಿಯ ಮೂತಿ ಈಚೆಗೆ ತಿರುಗಿಸಿದರು.

ಯುದ್ಧನೌಕೆಗಳ ಮಬ್ಬು ಆಕಾರ ಕಂಡು ಮೇಷ್ಟ್ರಿಗೆ ನಮ್ಮೂರು ನೆನಪಾಯಿತು. ದೇವನಹಳ್ಳಿ ಕೋಟೆಯ ಹೊರಗೆ ಕಂಬಗಳ ಒಂದು ಪುಟ್ಟ ಮಂಟಪವಿದೆ. ಟಿಪ್ಪು ಹುಟ್ಟಿದ ಜಾಗ. ಕಡಲಿನಿಂದ ಇಷ್ಟು ದೂರದ ಒಣನೆಲದಲ್ಲಿ ಕಣ್ಣು ಬಿಟ್ಟವನು 1796ರಲ್ಲಿ ಸುಮಾರು 40 ಯುದ್ಧನೌಕೆ ಕಟ್ಟಿಸಲು ಹೊರಟ. ಅದಕ್ಕೆಂದೇ ಅಧಿಕಾರಿಗಳ ಮಂಡಳಿ ನೇಮಿಸಿದ. ಮಂಗಳೂರಿನಲ್ಲಿ, ಮಿರ್ಜಾನಿನ ಕಡೆಯಲ್ಲಿ ಹಡಗು ಕಟ್ಟೆಗೆ ಆಜ್ಞೆ ಕೊಟ್ಟ. ಮೂರೇ ವರ್ಷಕ್ಕೆ ಶ್ರೀರಂಗಪಟ್ಟಣ ಬಿತ್ತು. ಅವನ ಬಗ್ಗೆ ಊರಲ್ಲಿ ಜಗಳವಾಡುವವರು ಸಾಕಷ್ಟು ಜನ. ಈ ಹಡಗುಗಳ ಮಾತೆತ್ತಿದವರನ್ನು ನಾನು ಕಾಣೆ. ನನಗಂತೂ ಅವನ ಬೇರೆಲ್ಲ ಸಾಹಸಕ್ಕಿಂತ ಇದೇ ಹೆಚ್ಚು ವಿಚಿತ್ರ.

ಮಾತು ಮುಗಿಸುವಷ್ಟರಲ್ಲಿ ಮೇಷ್ಟ್ರ ಮುಖ ಬಾಡಿತು. ಅಲೆ ದೊಡ್ಡದಲ್ಲ, ಎಣ್ಣೆಯ ಹಾಗೆ ನುಣ್ಣಗೆ ಏಳುತ್ತ ಬೀಳುತ್ತ ಇತ್ತು, ಅದೇ ಕಷ್ಟ. ಎರಡು ಸಲ ಅಂಚಿಗೆ ಬಗ್ಗಿ ಬಂದರು. ತೋಟದವನು ಚೀಲದಿಂದ ಚಕ್ಕೋತ ತೆಗೆದು ಸುಲಿದ. ಕೆಂಪು ತೊಳೆ, ಹುಳಿ ಮುಂದಾಗಿ ಸಿಹಿ ಹಿಂದಾಗಿ. ನಮ್ಮೂರ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಪಟ್ಟವಿದೆ ಎಂದು ಅವನು ಎಲ್ಲೇ ಹೋದರೂ ಹೇಳದೆ ಬಿಡುವವನಲ್ಲ, ನಡುಗಡಲಲ್ಲೂ ಹೇಳಿದ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ, ಒಸಡು ಕೊಳೆತು ಸಾಯುತ್ತಿದ್ದ ನಾವಿಕರಿಗೆ ಕಿತ್ತಳೆ, ನಿಂಬೆ ತಿನ್ನಿಸಿ ಚೇತರಿಸುವುದನ್ನು ಕಂಡಿದ್ದ. ಮೇಷ್ಟ್ರ ಕಾಯಿಲೆ ಬೇರೆ, ಔಷಧ ಅದೇ. ನಾಲ್ಕು ತೊಳೆಗೆ ಮುಖಕ್ಕೆ ಕಳೆ ಬಂತು.

ಹತ್ತೂವರೆಯ ಹೊತ್ತಿಗೆ ಗಾಳಿ ಸತ್ತಿತು.

ಶೀಡ ಒದ್ದೆ ಪಂಚೆಯ ಹಾಗೆ ಜೋತುಬಿತ್ತು. ನೀರು ಗಾಜಾಯಿತು. ಮೊದಲ ಹತ್ತು ನಿಮಿಷ ಫೋಟೋ ತೆಗೆದೆವು, ಮುಂದಿನ ಹತ್ತು ನಿಮಿಷ ಗಡಿಯಾರ ನೋಡಿದೆವು. ಬಿಸಿಲು ತಲೆಗೆ ಮೊಳೆ ಹೊಡೆಯುತ್ತಿತ್ತು. “ಯಜಮಾನ್ರೇ, ಇಂಜಿನ್ ಹಾಕ್ಬಿಡಿ” ಎಂದು ಏರ್‌ಪೋರ್ಟಿನವನು ಎರಡು ಸಲ ಅಂದ. ಅವರು ಬೀಡಿ ಹಚ್ಚಿ ಪಡುವಲಿಗೆ ಮುಖ ಮಾಡಿ ಕೂತರು. “ಬರ್ತದೆ. ನೆಲ ಇನ್ನೂ ಕಾಯ್ಬೇಕು.” ರಾಗಿಯ ರಾಶಿಯ ಮುಂದೆ ನಮ್ಮಜ್ಜ ಕೂರುತ್ತಿದ್ದದ್ದೂ ಹೀಗೆಯೇ. ಗಾಳಿ ನಿಂತರೆ ಬಯ್ಯುತ್ತಿರಲಿಲ್ಲ, ಏಳುತ್ತಲೂ ಇರಲಿಲ್ಲ. ಒಂದು ಹಿಡಿ ಕಾಳು ಮೇಲಕ್ಕೆ ತೂರಿ ಬೀಳುವುದನ್ನು ನೋಡುತ್ತಿದ್ದ. ಆ ಅರ್ಧ ಗಂಟೆಯಲ್ಲಿ ನಮ್ಮ ಸದ್ದು ಅಡಗಿತು. ದೋಣಿಯ ಹಲಗೆ ಬಿಸಿಲಿಗೆ ಚಟ್ ಎಂದದ್ದು ಕೇಳಿಸಿತು. ಸುಮಾರು ಐವತ್ತು ಮಾರು ದೂರದಲ್ಲಿ ಬೂದು ಬೆನ್ನಿನ ಎರಡು ಡಾಲ್ಫಿನ್ ಎದ್ದು ‘ಫೂ’ ಎಂದು ಉಸಿರು ಬಿಟ್ಟು ಮುಳುಗಿದವು. ಅವುಗಳ ಉಸಿರೂ ಕೇಳಿಸಿತು. ಗದ್ದಲದಲ್ಲಿ ಬಂದಿದ್ದರೆ ನೋಡುತ್ತಿದ್ದೆವು, ಕೇಳುತ್ತಿರಲಿಲ್ಲ.

ಆಮೇಲೆ ದೂರದ ನೀರಿನ ಮೇಲೊಂದು ಗೆರೆ ಕಂಡಿತು. ಬೆಳ್ಳಿಯ ತಟ್ಟೆಗೆ ಯಾರೋ ಕಪ್ಪು ಮಸಿ ಒರೆಸಿಕೊಂಡು ಬಂದ ಹಾಗೆ ಅದು ನಮ್ಮ ಕಡೆಗೆ ಸರಿಯತೊಡಗಿತು. ಗಾಳಿಯನ್ನು ಕಣ್ಣಿಂದ ನೋಡಿದ್ದು ಅದೇ ಮೊದಲು. ಹೊಟ್ಟು ಹಾರಿದ್ದನ್ನು ನೋಡಿದ್ದೇವೆ, ಧೂಳು ಎದ್ದದ್ದನ್ನು ನೋಡಿದ್ದೇವೆ. ಗಾಳಿಯೇ ನಡೆದು ಬರುವುದನ್ನು ನೋಡಿರಲಿಲ್ಲ. ಮೊದಲು ಕೆನ್ನೆಗೆ ಉಪ್ಪು ತಾಗಿತು. ಆಮೇಲೆ ಹಗ್ಗ ಬಿಗಿಯಿತು, ದೋಣಿ ಒಂದು ಮಗ್ಗುಲಿಗೆ ವಾಲಿತು. ತಾಂಡೇಲರು ಬೀಡಿ ಎಸೆದು “ಖಾರೆ ವಾರೆ” ಅಂದರು. ಮನೆಗೆ ಬಂದ ಮಗನ ಹೆಸರು ಹೇಳಿದ ಹಾಗಿತ್ತು ಆ ದನಿ.

ನಾವು ಹೋಗಬೇಕಾದದ್ದು ಉತ್ತರದ ಕೂರ್ಮಗಡದ ಕಡೆ. ಗಾಳಿ ಬರುತ್ತಿದ್ದದ್ದು ವಾಯವ್ಯದಿಂದ. ಎದುರುಗಾಳಿಗೆ ನೇರ ಹೋಗುವ ಹಾಯಿ ಲೋಕದಲ್ಲೇ ಇಲ್ಲ. ಓರೆಯಾಗಿ ಸ್ವಲ್ಪ ದೂರ, ಆಮೇಲೆ ಹಾಯಿಯನ್ನು ಕಂಬದ ಈಚೆಯಿಂದ ಆಚೆಗೆ ದಾಟಿಸಿ ಇನ್ನೊಂದು ಓರೆ. ನಮಗಿದು ಬೇಗ ಅರ್ಥವಾಯಿತು. ಉಳುವಾಗ ಸಾಲಿನ ಕೊನೆಗೆ ಎತ್ತು ತಿರುಗಿಸಿದ ಹಾಗೆಯೇ. ತೋಟದವನಿಗೆ ಚುಕ್ಕಾಣಿ ಕೊಟ್ಟರು. ಎರಡನೆಯ ಸಾಲಿಗೆ ಅವನ ಬಾಯಿಂದ ಎತ್ತಿಗೆ ಹೇಳುವ ಶಬ್ದವೇ ಹೊರಟಿತು. ತಾಂಡೇಲರು ಮೊದಲ ಬಾರಿ ನಕ್ಕರು.

ಆಮೆಯ ಬೆನ್ನಿನ ಹಾಗೆ ಕಾಣುವ ಕೂರ್ಮಗಡವನ್ನು ಸುತ್ತಿ, ಗಾಳಿಗೆ ಬೆನ್ನು ಕೊಟ್ಟು ಕಾಳಿಯ ಅಳಿವೆಗೆ ತಿರುಗಿದೆವು. ಆಗ ತಾಂಡೇಲರು ಹೇಳಿದ್ದು ಇನ್ನೊಂದು ಹಡಗಿನ ಕಥೆ. ಅಜಂತಾದ ಐದನೇ ಶತಮಾನದ ಚಿತ್ರವೊಂದನ್ನು ನೋಡಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ‘ಕೌಂಡಿನ್ಯ’ ಹಾಯಿಹಡಗು 2025ರ ಮೇ 21ರಂದು ಇದೇ ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಅದರ ಹಾಯಿಯ ಮೇಲಿರುವುದು ಸೂರ್ಯ ಮತ್ತು ಗಂಡಭೇರುಂಡ. ನಮ್ಮ ಸರ್ಕಾರಿ ಬಸ್ಸಿನ ಮೇಲೆ, ಪಹಣಿಯ ಮೇಲೆ ಕಂಡು ಕಂಡು ಕಣ್ಣಿಗೇ ಬೀಳದಂತಾಗಿದ್ದ ಆ ಎರಡು ತಲೆಯ ಹಕ್ಕಿ ಗಾಳಿ ತುಂಬಿಕೊಂಡು ಕಡಲ ಮೇಲೆ ಹೋಗುವುದನ್ನು ನೆನೆದು ನಾನು ಸ್ವಲ್ಪ ಹೊತ್ತು ಬೇರೇನೂ ಕೇಳಿಸಿಕೊಳ್ಳಲಿಲ್ಲ.

ಅಳಿವೆಯೊಳಗೆ ಬಂದಾಗ ಇಳಿಬಿಸಿಲು. ಎಡಕ್ಕೆ ಸದಾಶಿವಗಡ. 1883ರಲ್ಲಿ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದರು. ಇಪ್ಪತ್ತೆರಡರ ಪ್ರಾಯ. ಒಂದು ಬೆಳದಿಂಗಳ ರಾತ್ರಿ ಪುಟ್ಟ ದೋಣಿಯಲ್ಲಿ ಈ ಹೊಳೆಯ ಮೇಲಕ್ಕೆ ಹೋಗಿ, ರೈತನೊಬ್ಬನ ಅಂಗಳದಲ್ಲಿ ಉಂಡು, ಹೊಳೆಯ ಸೆಳವಿಗೇ ದೋಣಿ ಬಿಟ್ಟು ಮರಳಿ, ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅವರಿಗೆ ಬೆಳದಿಂಗಳಿತ್ತು. ನಮಗೆ ಚಕ್ಕೋತ ಇತ್ತು.

ದಡದಲ್ಲಿ ಲೆಕ್ಕ ಕೇಳಿದೆವು. ತಾಂಡೇಲರು ಡಬ್ಬಿ ಅಲುಗಿಸಿ ನೋಡಿ, ಸೀಮೆಎಣ್ಣೆ ಒಂದು ಲೀಟರೂ ಸುಟ್ಟಿಲ್ಲ, ದಿನದ ಕೂಲಿ ಕೊಡಿ ಸಾಕು ಅಂದರು. ಶೀಡವನ್ನು ಮಡಚಿ ಹೆಗಲಿಗೆ ಹಾಕಿಕೊಂಡು, ಉಳಿದ ಎರಡು ಚಕ್ಕೋತವನ್ನು ಎರಡು ಕೈಯಲ್ಲಿ ಹಿಡಿದು ಮನೆಯ ದಾರಿ ಹಿಡಿದರು.

ಕಾರವಾರಕ್ಕೆ ಹೋಗುವವರು ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗಿ. ದೋಣಿ ಗೊತ್ತುಮಾಡುವಾಗ ಅಟ್ಟದಲ್ಲಿ ಶೀಡ ಉಂಟೇ ಎಂದು ಒಂದು ಮಾತು ಕೇಳಿ. ಕೇಳುವವರಿದ್ದರಷ್ಟೇ ಅದು ಕೆಳಗಿಳಿಯುತ್ತದೆ. ಜಾಕೆಟ್ಟಿಗೆ ಎರಡು ಗಂಟು ಹಾಕಿ. ಚಕ್ಕೋತ ಬೇಕಿದ್ದರೆ ದೇವನಹಳ್ಳಿಯ ಮೇಲೆ ಹಾದು ಹೋಗಿ, ನಮ್ಮ ತೋಟದವನು ಕೊಡುತ್ತಾನೆ.