ಇರ್ಲಿ, ಎದಕ್ಕಾರ ಬರ್ತದ

ನಮ್ಮ ಮನೆಯಿಂದ ಒಂದು ಒಡೆದ ಬಕೆಟ್ ಹೊರಗೆ ಹೋಗಬೇಕಾದರೂ ಅವ್ವನ ಒಪ್ಪಿಗೆ ಬೇಕು. ಅವ್ವನ ಉತ್ತರ ಯಾವಾಗಲೂ ಒಂದೇ: "ಇರ್ಲಿ ಬಿಡು, ಎದಕ್ಕಾರ ಬರ್ತದ." ಹಾಗೆ ಬರಲೆಂದು ಕಾಯುತ್ತ ಕುಳಿತ ಸಾಮಾನುಗಳು ಜಹೀರಾಬಾದಿನ ನಮ್ಮ ಮೂರು ಕೋಣೆಯ ಮನೆಯ ಸಜ್ಜಾದ ಮೇಲೆ ಸೇರಿಕೊಂಡಿದ್ದವು. ನೀವು ಅಟ್ಟ ಎನ್ನುವುದಕ್ಕೆ ನಮ್ಮ ಕಡೆ ಸಜ್ಜಾ ಎನ್ನುತ್ತಾರೆ, ತಾಂಡೂರಿನ ಫರಸಿ ಕಲ್ಲು ಹಾಸಿ ಮಾಡಿದ್ದು. ಬತ್ತಿ ಸ್ಟೋವು, ಗಾಜಿಲ್ಲದ ಕಂದೀಲು, ನಮ್ಮ ಮದುವೆಗೆ ಬಂದ ಐದು ಗೋಡೆ ಗಡಿಯಾರಗಳು, ಕೊಟ್ಟವರ ಹೆಸರು ಕೊರೆಸಿದ ಸ್ಟೀಲ್ ಡಬ್ಬಿಗಳು, ಅಪ್ಪನ ಎರಡು ಟ್ರಂಕು. ಅಪ್ಪ ತೀರಿಕೊಂಡದ್ದು 2011ರಲ್ಲಿ. ಅಂದಿನಿಂದ ಆ ಟ್ರಂಕುಗಳ ಬೀಗ ತೆಗೆದವರಿಲ್ಲ.

ಹೋದ ದಸರೆಗೆ ಘಟ ಹಾಕುವ ಮೊದಲು ಮನೆ ತೊಳೆಯುವಾಗ ನನ್ನಾಕೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. "ಈ ಸಲ ಸಜ್ಜಾ ಖಾಲಿ ಆಗ್ಬೇಕು, ಇಲ್ಲಾಂದ್ರ ನಾ ತಾಂಡೂರಿಗಿ ಹೋಗ್ತೀನಿ" ಎಂದಳು. ತಾಂಡೂರು ಅವಳ ತವರು. ಅಲ್ಲಿಂದ ವರ್ಷಕ್ಕೊಮ್ಮೆ ಬರುವ ತೊಗರಿಬೇಳೆಯ ಚೀಲ ಇಡಲು ಮನೆಯಲ್ಲಿ ಜಾಗವಿಲ್ಲ ಎಂಬುದು ಅವಳ ಮುಖ್ಯ ತಕರಾರು. (ಆ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ ಮೇಲಂತೂ ಅವಳ ತವರಿನ ಅಭಿಮಾನ ನಮ್ಮ ಸಜ್ಜಾಕ್ಕಿಂತ ಎತ್ತರವಾಗಿದೆ.) ಒಂಬತ್ತನೆಯ ತರಗತಿಯ ಮಗಳು, ವರ್ಷವಿಡೀ ಮುಟ್ಟದ್ದನ್ನು ಹೊರಗೆ ಹಾಕಬೇಕು ಎಂಬ ಸೂತ್ರವನ್ನು ಎಲ್ಲಿಂದಲೋ ಹಿಡಿದು ತಂದಳು. ಸೂತ್ರ ನನಗೆ ಹಿಡಿಸಿತು. ಬ್ಯಾಂಕಿನ ಗುಮಾಸ್ತನಿಗೆ ಸೂತ್ರ ಸಿಕ್ಕರೆ ಸಾಕು, ತಲೆಗೆ ಕೆಲಸ ಕೊಡಬೇಕಾಗಿಲ್ಲ.

ಮೊದಲ ದಿನ ಒಂದು ಟ್ರಂಕು ಇಳಿಸಿದೆ. ತುಂಬ ಕನ್ನಡ ಮಾಸಪತ್ರಿಕೆಗಳು. ಗೆದ್ದಲು ತಿಂದು ಅರ್ಧ ಮಣ್ಣಾಗಿದ್ದವು, ಕೈಯಿಟ್ಟರೆ ಉದುರುತ್ತಿದ್ದವು. ಅದರಡಿಯಲ್ಲಿ ಹಳೆಯ ಧೋತರದಲ್ಲಿ ಕಟ್ಟಿದ ಕಾಗದದ ಗಂಟೊಂದಿತ್ತು. ಬಿಚ್ಚಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡವನಿಗೆ ಬಿಚ್ಚುವ ವ್ಯವಧಾನವೆಲ್ಲಿ? ಎಲ್ಲ ಸೇರಿ ಹದಿಮೂರು ಕಿಲೋ ರದ್ದಿಗೆ ಹೋಯಿತು. ಅವ್ವ ಬಾಗಿಲಲ್ಲಿ ಕುಳಿತು "ಇರ್ಲಿ" ಎಂದದ್ದು ಕೇಳಿತ್ತು. ಕೇಳದವನಂತೆ ದುಡ್ಡು ಎಣಿಸಿಕೊಂಡೆ.

ನಾಲ್ಕು ದಿನ ಬಿಟ್ಟು ರವಿವಾರ ಎರಡನೆಯ ಟ್ರಂಕು ತೆಗೆದೆ. ಅದರಲ್ಲಿ ಕೆಂಪು ಬಟ್ಟೆಯ ರಟ್ಟಿನ ಉದ್ದ ವಹಿಯೊಂದಿತ್ತು, ನನ್ನ ಅಜ್ಜನ ಕೈಬರಹ, ಕನ್ನಡ. ಯಾವ ಹೊಲಕ್ಕೆ ಎಷ್ಟು ಸೇರು ಜೋಳ ಬಿತ್ತಿದ್ದು, ಯಾರಿಗೆ ಕೊಟ್ಟ ಕಡ, ಯಾರ ಮದುವೆಗೆ ಎಷ್ಟು ಮುಯ್ಯಿ, ಯಾವ ಆಕಳು ಎಂದು ಈದದ್ದು. ಮೊದಲ ಪುಟದ ಮೊದಲ ಸಾಲು ಓದಿ ಅಲ್ಲೇ ಕುಳಿತುಬಿಟ್ಟೆ. "ಮೊದಲಿನ ವಹಿಯಿಂದ ತಂದ ಬಾಕಿ" ಎಂದಿತ್ತು. ದಿನಕ್ಕೆ ನೂರು ಸಲ ಇಂಥ ಸಾಲು ನೋಡುವ ನನಗೆ ಬೇರೆ ವಿವರಣೆ ಬೇಕಿರಲಿಲ್ಲ. ಇದಕ್ಕೆ ಮೊದಲಿನದೊಂದು ಇತ್ತು. ಅದು ಧೋತರದ ಗಂಟಿನಲ್ಲಿತ್ತು.

ಸ್ಕೂಟರ್ ಹತ್ತಿ ರದ್ದಿಯವನ ಗೋದಾಮಿಗೆ ಓಡಿದೆ. ಲಾರಿ ಹೋಗಿ ಎರಡು ದಿನವಾಗಿತ್ತು. ಪಾಪ, ಆತ ಮೂಲೆಯಲ್ಲಿ ಉಳಿದ ಮೂರು ಚೀಲ ಸುರುವಿ ಹುಡುಕಿದ, ಚಹಾ ಕುಡಿಸಿದ.

ಉಳಿದ ವಹಿಯ ಪ್ರತಿ ವರ್ಷದ ತಲೆಬರಹದಲ್ಲೂ ಅಜ್ಜ ಊರು, ತಾಲೂಕು, ಜಿಲ್ಲೆ ಬರೆಯುತ್ತಿದ್ದ. 1956ರವರೆಗೆ "ತಾ. ಜಹೀರಾಬಾದ, ಜಿ. ಬೀದರ". ಮುಂದಿನ ವರ್ಷವೂ ಕೈಗೆ ರೂಢಿಯಾದ "ಬೀದರ" ಬಂದಿದೆ. ಅದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ "ಮೇದಕ" ಎಂದು ತಿದ್ದಿದ್ದಾನೆ. ಅಷ್ಟೇ. 1956ರ ನವೆಂಬರ್ 1ಕ್ಕೆ ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ನ್ಯಾಲಕಲ್ ಸರ್ಕಲ್, ನಾರಾಯಣಖೇಡ ಬೀದರ ಜಿಲ್ಲೆಯಿಂದ, ತಾಂಡೂರು, ಕೊಡಂಗಲ್ ಗುಲ್ಬರ್ಗ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದವು. ನಿಮ್ಮ ಕಾಸರಗೋಡು ಕೇರಳಕ್ಕೆ ಹೋದದ್ದೂ ಅದೇ ದಿನ. ನಿಮ್ಮ ಹಿರಿಯರ ಲೆಕ್ಕದ ಪುಸ್ತಕಗಳಲ್ಲೂ ಇಂಥದೊಂದು ಗೆರೆ ಇದ್ದೀತು, ಒಮ್ಮೆ ತೆಗೆದು ನೋಡಿ. ನಮ್ಮದು 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಜಿಲ್ಲೆ ಸಂಗಾರೆಡ್ಡಿಯಾಯಿತು. ಮನೆ ಮಾತ್ರ ಒಂದು ಗೇಣೂ ಸರಿದಿಲ್ಲ.

ಜಪಾನಿನ ಮಾರಿ ಕೊಂಡೊ ಎಂಬಾಕೆಯ ಪುಸ್ತಕವನ್ನು ಆಮೇಲೆ ಓದಿದೆ, 2014ರಲ್ಲಿ ಇಂಗ್ಲಿಷಿಗೆ ಬಂದದ್ದು. ಮೊದಲು ಬಟ್ಟೆ, ಆಮೇಲೆ ಪುಸ್ತಕ, ಕಾಗದಪತ್ರ, ಸಣ್ಣಪುಟ್ಟ ಸಾಮಾನು. ನೆನಪಿನ ವಸ್ತುಗಳನ್ನು ಕಟ್ಟಕಡೆಗೆ ಮುಟ್ಟಬೇಕು ಎನ್ನುತ್ತಾಳೆ ಆಕೆ. ನಾನು ಮೊದಲು ಮುಟ್ಟಿದ್ದೇ ಅದನ್ನು. ಮಗಳ ಸೂತ್ರವೂ ನಮ್ಮಂಥವರ ಮನೆಗೆ ಪೂರ್ತಿ ಹೊಂದುವುದಿಲ್ಲ. ವರ್ಷವಿಡೀ ಮುಟ್ಟದ್ದು ಎಂದು ಹುಡುಕಹೊರಟರೆ ಗಡಿಯಾರಕ್ಕಿಂತ ಮೊದಲು ಕೈಗೆ ಸಿಗುವುದು ಕನ್ನಡ ಪುಸ್ತಕಗಳು. ಹಾಗೆಂದು ಅವ್ವನ "ಇರ್ಲಿ" ಸರಿ ಎನ್ನಲೂ ಮನಸ್ಸು ಬಾರದು. ಆ ಮಾಸಪತ್ರಿಕೆಗಳನ್ನು ಇರಲಿ ಎಂದು ಇಟ್ಟವರೇ ಗೆದ್ದಲಿಗೆ ಬಡಿಸಿದಂತಾಗಿತ್ತು. ನಾನು ತೂಕಕ್ಕೆ ಹಾಕುವ ಮೊದಲೇ ಅವು ಹೋಗಿದ್ದವು.

ಅದೇ ಟ್ರಂಕಿನ ತಳದಲ್ಲಿ ಅವ್ವನ ಹೆಸರಿನ ಠೇವಣಿ ರಸೀದಿಯೊಂದು ಸಿಕ್ಕಿತು. 2007ರಲ್ಲಿ ಅಪ್ಪ ಇಟ್ಟ ಎಂಟು ಸಾವಿರ, ಮೂರು ವರ್ಷದ ಅವಧಿ. ನಾಚಿಕೆಯಾಯಿತು. ನಾರಾಯಣಖೇಡದ ಶಾಖೆಯಲ್ಲಿದ್ದ ನಾಲ್ಕು ವರ್ಷವೂ ಪ್ಲಾಸ್ಟಿಕ್ ಚೀಲದ ತುಂಬ ಕಾಗದ ತಂದು ಕೌಂಟರಿನ ಮೇಲೆ ಸುರಿಯುವ ಮುದುಕಿಯರಿಗೆ "ಕಾಗದ ನೀಟಾಗಿ ಇಟ್ಕೋಬೇಕವ್ವಾ" ಎಂದು ಬುದ್ಧಿ ಹೇಳಿದವನು ನಾನು. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದಿನ ಹಳೆಯ ಪಾಸ್‌ಬುಕ್ ಹಿಡಿದು ಬ್ಯಾಂಕೇ ಇಲ್ಲವಲ್ಲ ಎಂದು ಕಣ್ಣೀರು ತಂದವರಿಗೆ, ಅದು 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕಿನಲ್ಲಿ ಸೇರಿದೆ, ದುಡ್ಡು ಎಲ್ಲೂ ಹೋಗಿಲ್ಲ ಎಂದು ಸಮಾಧಾನ ಹೇಳಿದ್ದೇನೆ.

ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನವರು 2014ರಲ್ಲಿ ಮಾಡಿದ ನಿಧಿಗೆ ಹೋಗುತ್ತದೆ. ಹಾಗೆ ಹೋದದ್ದನ್ನೂ ಗುರುತಿನ ಚೀಟಿಯೊಂದಿಗೆ ಆಯಾ ಬ್ಯಾಂಕಿನಲ್ಲೇ ಅರ್ಜಿ ಕೊಟ್ಟು ವಾಪಸು ಪಡೆಯಬಹುದು. ಯಾವ ಬ್ಯಾಂಕಿನಲ್ಲಿದೆ ಎಂದು ಗೊತ್ತಿಲ್ಲದವರು 2023ರಲ್ಲಿ ಬಂದ "ಉದ್ಗಮ್" ಎಂಬ ತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಅವ್ವನ ಅರ್ಜಿಯನ್ನು ನಾನೇ ತುಂಬಿದೆ. ಅವ್ವ ಸಹಿ ಮಾಡುತ್ತ, "ನೋಡು, ಎದಕ್ಕಾರ ಬಂತಿಲ್ಲೋ" ಎಂದಳು. ಉತ್ತರವಿರಲಿಲ್ಲ.

ಸಜ್ಜಾ ಈಗ ಖಾಲಿ. ನಾಲ್ಕು ಗಡಿಯಾರ ಹೋದವು, ಒಂದು ಉಳಿಯಿತು. ಬೇಳೆಯ ಚೀಲಕ್ಕೆ ಜಾಗವಾಯಿತು. ಅಡುಗೆಮನೆಯ ಡಬ್ಬಿಗಳನ್ನು ಮಗಳು ಸಾಲಾಗಿ ಜೋಡಿಸಿ ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿದಳು. ಮೂರನೆಯ ದಿನ ಅವ್ವ ಸಾರಿಗೆ ಉಪ್ಪೆಂದು ಸಕ್ಕರೆ ಹಾಕಿದಳು. ಮೊದಲಾದರೆ ಯಾವ ಡಬ್ಬಿ ಎಲ್ಲಿದೆಯೆಂದು ಕೈಗೇ ಗೊತ್ತಿತ್ತು, ಈಗ ಜಾಗ ಬದಲಾಗಿತ್ತು. ಹುಮನಾಬಾದಿನ ಕಡೆಯ ಹಳ್ಳಿಯಲ್ಲಿ ನಾಲ್ಕನೆಯ ತರಗತಿ ಕಲಿತ ಅವ್ವನಿಗೆ ಓದಲು ಬರುವುದು ಕನ್ನಡ ಒಂದೇ. ಮನೆಯಲ್ಲಿ ಕನ್ನಡ ಪಟಪಟ ಮಾತಾಡುವ ಮಗಳಿಗೆ ಅದನ್ನು ಬರೆಯಲು ಬರುವುದಿಲ್ಲ. ಶಾಲೆಯಲ್ಲಿ ತೆಲುಗು, ಹಿಂದಿ, ಇಂಗ್ಲಿಷ್, ನಾನೂ ಕಲಿಸಿರಲಿಲ್ಲ.

ಆ ಸಂಜೆ ಅಜ್ಜಿ ಮೊಮ್ಮಗಳು ಕೂತು ಚೀಟಿಗಳನ್ನು ಹೊಸದಾಗಿ ಬರೆದರು. "ಉಪ್ಪು" ಬರೆದ ಮಗಳು, "ಇದು ನಮ್ಮ ತೆಲುಗಿನಂಗೇ ಅದ ಆಯೀ, ತಲಿ ಅಷ್ಟೇ ಬ್ಯಾರೆ" ಎಂದಳು. ಬೆಲ್ಲ, ಬೇಳೆ, ಜೀರಿಗೆ, ಮೆಂತ್ಯ. ಇಪ್ಪತ್ತೆರಡು ಡಬ್ಬಿಗಳಲ್ಲಿ ಹೆಚ್ಚುಕಡಿಮೆ ಅಕ್ಷರಮಾಲೆ ಮುಗಿಯಿತು. "ಳ" ಮಾತ್ರ ಇನ್ನೂ ಅವಳ ಕೈಯಲ್ಲಿ ಕುಣಿಯುತ್ತದೆ.

ವಹಿಯನ್ನು ಟ್ರಂಕಿಗೆ ಹಿಂದಕ್ಕೆ ಹಾಕಲಿಲ್ಲ. ಬೇವಿನ ಎಲೆ ಒಣಗಿಸಿ ಪುಟಗಳ ನಡುವೆ ಇಟ್ಟು, ಪಡಸಾಲೆಯ ಮಾಡದಲ್ಲಿ ಕೈಗೆ ನಿಲುಕುವಂತೆ ಇಟ್ಟಿದ್ದೇವೆ. ಮಗಳು ಊಟವಾದ ಮೇಲೆ ಒಂದೊಂದು ಪುಟ ಅಕ್ಷರ ಕೂಡಿಸಿ ಓದುತ್ತಾಳೆ, ಅವ್ವ ಹೆಸರುಗಳಿಗೆ ಗುರುತು ಹೇಳುತ್ತಾಳೆ. ನಿನ್ನೆ ಎಂಟನೆಯ ಪುಟಕ್ಕೆ ಬಂದಿದ್ದಾರೆ. ಯಾರದೋ ಮದುವೆಗೆ ಎರಡು ರೂಪಾಯಿ ಮುಯ್ಯಿ ಮಾಡಿದ ಸಾಲು. ಆ ಮನೆಯವರು ನಮಗೆ ತಿರುಗಿ ಮಾಡಿದರೋ ಇಲ್ಲವೋ ಎಂದು ಇಬ್ಬರೂ ಮುಂದಿನ ಪುಟಗಳಲ್ಲಿ ಹುಡುಕುತ್ತಿದ್ದರು.