ಕಾಲು ಕಲಿತ ಭಾಷೆ

ಗಡಿನಾಡಿನವರಿಗೆ ಆ ಕಡೆ ಈ ಕಡೆ ಎಂಬ ಗೊಂದಲ ಹೊಸದಲ್ಲ. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಬಂತು. ನಮ್ಮ ತಾಳವಾಡಿ ಸೀಮೆ ಇದ್ದಲ್ಲೇ ಉಳಿಯಿತು. 1979ರಿಂದ ನಾವು ಈರೋಡ್ ಜಿಲ್ಲೆಯವರು. ಜೀರಹಳ್ಳಿಯಲ್ಲಿ ಮನೆಮಾತು ಕನ್ನಡ, ಸರ್ಕಾರದ ಕಾಗದ ತಮಿಳು. ಬ್ಯಾಂಕಿನ ಕೌಂಟರಿನಲ್ಲಿ ಕೂತ ನಾನು ದಿನಕ್ಕೆ ಎಷ್ಟೋ ಸಲ ಒಂದರಿಂದ ಇನ್ನೊಂದಕ್ಕೆ ದಾಟುತ್ತೇನೆ. ನಾಲಿಗೆಗೆ ಅದೇನೂ ಕಷ್ಟವಿಲ್ಲ. ಕಷ್ಟವಿರುವುದು ಕಾಲಿಗೆ. ಈ ಮಾತನ್ನು ನನಗೆ ತಿಳಿಸಿಕೊಟ್ಟದ್ದು ಅಪ್ಪನ ಬುಲೆಟ್ಟು.

ಎಪ್ಪತ್ತರ ದಶಕದ ಗಾಡಿ. ಆ ಕಾಲದ ಬುಲೆಟ್ಟಿಗೆ ಇಂಗ್ಲೆಂಡಿನ ಪದ್ಧತಿಯಂತೆ ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ. ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾಕ್ಕೆ ಗೇರು ಎಡಕ್ಕೇ ಇತ್ತು; ಅದೇ ಕಡ್ಡಿಯನ್ನು ತಿರುಗಿಸಿದರೆ ಕಿಕ್ಕರ್ ಆಗುತ್ತಿತ್ತು. ಜಪಾನಿನವರೂ ಎಡವನ್ನೇ ಹಿಡಿದರು. ಎಪ್ಪತ್ತರ ದಶಕದ ನಡುವೆ ಅಮೆರಿಕ ಎಡಕ್ಕೆ ಗೇರು, ಬಲಕ್ಕೆ ಬ್ರೇಕು ಎಂದು ಕಾನೂನನ್ನೇ ಮಾಡಿತು. ಈಗ ಬುಲೆಟ್ಟೂ ಹಾಗೆಯೇ ಬರುತ್ತದೆ.

ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಗಾಡಿ ಮೂಲೆ ಸೇರಿತ್ತು. ನನ್ನ ಮಗಳು ಅದನ್ನು ಕೇಳಿದಳು. ಅವಳು ಕಲಿತದ್ದು ಎಡಗೇರಿನ ಹೊಸ ಬೈಕಿನಲ್ಲಿ. ನಮ್ಮ ದಾರಿಯೋ, 2013ರಲ್ಲಿ ಹುಲಿ ರಕ್ಷಿತಾರಣ್ಯವಾದ ಸತ್ಯಮಂಗಲ ಕಾಡಿನ ಅಂಚು. ಸತ್ಯಮಂಗಲಕ್ಕೆ ಇಳಿಯಬೇಕೆಂದರೆ ದಿಂಬಂ ಘಾಟಿಯ 27 ತಿರುವುಗಳು. ತಿರುವಿನಲ್ಲಿ ಆನೆ ನಿಂತಿದ್ದರೆ ಯೋಚಿಸಿ ಬ್ರೇಕು ಒತ್ತುವವರು ಯಾರೂ ಇಲ್ಲ; ಕಾಲು ತಾನೇ ಒತ್ತುತ್ತದೆ. ಅಪ್ಪನ ಗಾಡಿಯಲ್ಲಿ ಒಂದನೇ ಗೇರು ಮೇಲಕ್ಕೆ, ಉಳಿದ ಮೂರೂ ಕೆಳಕ್ಕೆ. ಅವಳ ಬಲಗಾಲು ಬ್ರೇಕೆಂದು ಒತ್ತಿದರೆ ಗಾಡಿ ನಿಲ್ಲದು, ಮೇಲಿನ ಗೇರಿಗೆ ಬೀಳುತ್ತದೆ.

ಚಾಮರಾಜನಗರದ ಮೆಕ್ಯಾನಿಕ್ಕರಿಗೆ ಇದನ್ನು ಹೇಳಿದೆ. "ಕಾಲು ಕಲ್ತ ಬಾಸೇಲೇ ಕಾಲು ಮಾತಾಡದು ಸಾ. ಮಗೀನ ಕಾಲು ತಿದ್ದಕಿಂತ ಗಾಡಿ ತಿದ್ದದು ಸುಲಭ" ಎಂದರು.

ಅಪ್ಪ ಒಪ್ಪಲಿಲ್ಲ. "ನಾನು ಸತ್ತಮೇಲೆ ಮಾಡ್ಕೊ" ಎಂದು ಗೋಡೆಯ ಕಡೆಗೆ ತಿರುಗಿ ಮಲಗಿದರು. ಚಾಸಿಸ್ಸಿಗೆ ಗರಗಸ ಮುಟ್ಟಿಸುವುದಿಲ್ಲ, ಹಳೆಯ ಪೆಡಲು ಕಡ್ಡಿಗಳನ್ನೆಲ್ಲ ಎತ್ತಿಡುತ್ತೇನೆ, ಬೇಕೆಂದಾಗ ಮೊದಲಿನಂತೆ ಮಾಡಬಹುದು ಎಂದು ಮಾತು ಕೊಟ್ಟ ಮೇಲೆ ನಾಲ್ಕು ದಿನ ಬಿಟ್ಟು "ಏನಾದ್ರೂ ಮಾಡ್ಕೊ" ಎಂದರು.

ಕೆಲಸ ನೋಡಲು ಸಣ್ಣದು. ಗೇರ್‌ಬಾಕ್ಸಿನ ಬಲಗಡೆಯ ಶಾಫ್ಟಿಗೆ ಒಂದು ಗಿಡ್ಡ ತೋಳು. ಅದರಿಂದ ಕಡ್ಡಿಯೊಂದು ಅಡ್ಡ ಶಾಫ್ಟಿಗೆ. ಅಡ್ಡ ಶಾಫ್ಟು ಎಡಕ್ಕೆ ಹಾದು ಹೊಸ ಪೆಡಲಿಗೆ. ಎರಡು ತೋಳುಗಳೂ ಒಂದೇ ದಿಕ್ಕಿಗಿದ್ದರೆ ಗೇರಿನ ಕ್ರಮ ಮೊದಲಿನಂತೆಯೇ ಉಳಿಯುತ್ತದೆ. ಒಂದನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಮಾಡಿದರೆ ಕ್ರಮ ತಿರುಗಿ ಒಂದನೇ ಗೇರು ಕೆಳಗೆ ಬರುತ್ತದೆ. ಮಗಳ ಕಾಲಿಗೆ ಬೇಕಾದದ್ದು ಎರಡನೆಯದು. ಹಿಂದಿನ ಬ್ರೇಕಿನ ಡ್ರಮ್ಮು ಎಡಕ್ಕಿರುವುದರಿಂದ ಬಲದ ಹೊಸ ಪೆಡಲಿಗೂ ಹೀಗೇ ಒಂದು ಅಡ್ಡ ಶಾಫ್ಟು ಬೇಕಾಯಿತು.

ಕಷ್ಟವಿರುವುದು ಕೀಲುಗಳಲ್ಲಿ. ಒಂದೊಂದು ಪಿನ್ನಿನಲ್ಲೂ ಕೂದಲೆಳೆಯಷ್ಟು ಸಡಿಲವಿದ್ದರೂ ಎಲ್ಲ ಕೂಡಿ ಪೆಡಲಿನ ತುದಿಯಲ್ಲಿ ಬೆರಳಗಲ ಆಡುತ್ತದೆ. ಗೇರು ಬಿತ್ತೋ ಇಲ್ಲವೋ ಕಾಲಿಗೆ ತಿಳಿಯುವುದಿಲ್ಲ. ಅದಕ್ಕೆ ಲೇತಿನಲ್ಲಿ ಗನ್‌ಮೆಟಲ್ ಬುಷ್ ಹಾಕಿಸಿ, ಗ್ರೀಸಿಗೆ ತೂತು ಬಿಡಿಸಿದೆವು. ಬ್ರೇಕಿನ ಲೈನಿಂಗ್ ಹೊಸದಾಯಿತು. ಬ್ರೇಕು ಹಿಡಿಯುವ ಹೊತ್ತಿಗೆ ಕಡ್ಡಿಯೂ ಡ್ರಮ್ಮಿನ ತೋಳೂ ಮೂಲೆಮಟ್ಟವಾಗಿ ನಿಲ್ಲುವಂತೆ ಹೊಂದಿಸಿದರು. ಕಾಲಿನ ಬಲ ಪೂರ್ತಿ ದಕ್ಕುವುದು ಆ ಕೋನದಲ್ಲಿ. ಮನೆಯಲ್ಲಿ ಹಳೆಯ ಗಾಡಿ ಇಟ್ಟುಕೊಂಡ ಓದುಗರು ಇಷ್ಟನ್ನಾದರೂ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು.

ಈಗ ಮಗಳು ಗಾಡಿ ಓಡಿಸುತ್ತಾಳೆ. ನಾನು ಓಡಿಸುವುದಿಲ್ಲ, ಬಲಗೇರಿನಲ್ಲಿ ಕಲಿತ ನನ್ನ ಕಾಲಿಗೆ ಆ ಗಾಡಿ ಈಗ ಪರಭಾಷೆ. ಅಪ್ಪನಿಗೆ ಇನ್ನೂ ಸಮಾಧಾನವಿಲ್ಲ. ಆದರೂ ಸಂಜೆ ಅದರ ಶಬ್ದ ಊರ ಮುಂದೆ ಕೇಳುವವರೆಗೆ ಅವರು ಜಗುಲಿಯಿಂದ ಏಳುವುದಿಲ್ಲ. ಕೇಳಿದ ಮೇಲೆ, "ಮೂರನೇದ್ರಲ್ಲಿ ಬತ್ತಾವಳೆ" ಎಂದು ಊಟಕ್ಕೆ ಒಳಗೆ ಹೋಗುತ್ತಾರೆ.