ಬೇಡದ ಪೈಪು

ಮೊನ್ನೆ ಹಬ್ಬಕ್ಕೆ ಕಂಪ್ಲಿಗೆ ಹೋಗಿದ್ದೆ. ಮಾವ ತನ್ನ ಹಳೇ ಮಿನಿಲಾರಿಯ ಬಾನೆಟ್ ಎತ್ತಿ ತೋರಿಸಿದ. "ನೋಡು ಅಳಿಯಾ, ಎಷ್ಟು ಸಲೀಸಾಗೈತಿ! ಮೇಸ್ತ್ರಿ ಬ್ಯಾಡಾದ ಪೈಪೆಲ್ಲಾ ಕಿತ್ತು ಒಗೆದ."

ನಾನೂ ತಲೆಯಾಡಿಸಿದೆ. ಇಂಜಿನಿಯರಿಂಗ್ ಓದಿದವನು ಬೇರೆ ನೋಡಿ!

ಮರುದಿನ ಬಾಳೆಗೊನೆ ತುಂಬಿಕೊಂಡು ಸಂಡೂರಿಗೆ ಹೋದೆವು. ಖಾಲಿ ಗಾಡಿಯಲ್ಲಿ ಹೊಸಪೇಟೆ ಕಡೆ ಬರುವಾಗ, ಇಳಿಜಾರಿನಲ್ಲಿ ಬ್ರೇಕ್ ಪೆಡಲು ಕಲ್ಲಾಗಿಬಿಟ್ಟಿತು. ಹಿಂದೆ ಅದಿರಿನ ಲಾರಿ ಹಾರ್ನ್ ಹೊಡೀತಿದೆ. ಮಾವ ಮೈಭಾರವೆಲ್ಲಾ ಕಾಲಿಗೆ ಬಿಟ್ಟು, ಗೇರ್ ಇಳಿಸಿ, ಹೇಗೋ ಪಕ್ಕದ ಕೆಂಪುಮಣ್ಣಿಗೆ ತಂದು ನಿಲ್ಲಿಸಿದ. ಐದು ನಿಮಿಷ ಇಬ್ಬರೂ ಮಾತಾಡಲಿಲ್ಲ...

ಪೆಟ್ರೋಲ್ ಇಂಜಿನ್ನು ಗಾಳಿ ಎಳೆದುಕೊಳ್ಳುವಾಗ ತಾನೇ ನಿರ್ವಾತ ಮಾಡಿಕೊಳ್ಳುತ್ತೆ. ಡೀಸೆಲ್ ಇಂಜಿನ್ನಿಗೆ ಆ ಅನುಕೂಲ ಇಲ್ಲ. ಅದಕ್ಕೇ ಇಂಥ ಗಾಡಿಗಳಲ್ಲಿ ಆಲ್ಟರ್ನೇಟರ್ ಬೆನ್ನಿಗೊಂದು ವ್ಯಾಕ್ಯೂಮ್ ಪಂಪ್ ಇರುತ್ತೆ. ಅದರಿಂದ ದಪ್ಪ ಪೈಪು ಬ್ರೇಕ್ ಬೂಸ್ಟರಿಗೆ ಹೋಗುತ್ತೆ. ನಮ್ಮ ಗಾಡಿಯಲ್ಲಿ ಅದೇ ಪೈಪಿನಿಂದ ಕವಲೊಡೆದ ಸಣ್ಣದೊಂದು ಇಜಿಆರ್ ವಾಲ್ವಿಗೆ. ಇಜಿಆರ್ ಅಂದರೆ, ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಇಂಜಿನ್ನಿಗೇ ಕುಡಿಸೋದು. ಉರಿಯ ಶಾಖ ತಗ್ಗಿ ನೈಟ್ರೋಜನ್ ಆಕ್ಸೈಡುಗಳು ಕಡಿಮೆಯಾಗುತ್ತವೆ. ದೇಶದ ಉಳಿದೆಡೆಗೂ 2010ರಲ್ಲಿ ಬಿಎಸ್-3 ಬಂದಾಗ ಎಷ್ಟೋ ಡೀಸೆಲ್ ಗಾಡಿಗಳಿಗೆ ಇದು ಬಂತು.

ಮೇಸ್ತ್ರಿ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಇಜಿಆರ್‌ನಿಂದ ಒಳಗೆ ಮಸಿ ಕಟ್ಟುತ್ತೆ, ಗಾಡಿ ಎಳೆಯೋದು ಕಮ್ಮಿಯಾಗುತ್ತೆ. ಆದರೆ ಅದನ್ನು ಬಿಚ್ಚಿ ತೊಳೆಯೋ ಬದಲು ಆತ ಪೈಪನ್ನೇ ಕತ್ತರಿಸಿ, ಉಳಿದ ತುಂಡಿಗೆ ಬೋಲ್ಟ್ ತುರುಕಿದ್ದ. ಬಿಸಿಲಿಗೆ, ಇಂಜಿನ್ ಶಾಖಕ್ಕೆ ಗಟ್ಟಿಯಾಗಿದ್ದ ರಬ್ಬರು ಬೋಲ್ಟಿನ ಸುತ್ತ ಸೀಳಿತ್ತು. ಅಲ್ಲಿಂದ ಗಾಳಿ ಒಳಹೊಕ್ಕು ಬೂಸ್ಟರಿಗೆ ನಿರ್ವಾತವೇ ಇಲ್ಲ. ಹೊಗೆಯ ಪೈಪು ಕಿತ್ತರೆ ಬ್ರೇಕು ಹೋಗುತ್ತೆ ಅಂತ ಯಾರು ತಾನೇ ಅಂದುಕೊಳ್ತಾರೆ?

ನಾನು ಅಂದುಕೊಳ್ಳಬೇಕಿತ್ತು. ಆಫೀಸಿನಲ್ಲಿ "ಇದನ್ನ ಯಾರೂ ಬಳಸಲ್ಲ" ಅಂತ ಹಳೇ ಕೋಡ್ ಅಳಿಸಿ, ರಾತ್ರಿ ಎರಡು ಗಂಟೆಗೆ ಫೋನ್ ಬಂದಾಗ ಎದ್ದು ಕೂತವನು ನಾನು. ಆದರೂ ಬಾನೆಟ್ ಮುಂದೆ ನಿಂತು ಸುಮ್ಮನೆ ತಲೆಯಾಡಿಸಿದ್ದೆ.

ಕವಲಿನ ಬುಡ ಬಿಗಿಯಾಗಿ ಕಟ್ಟಿ, ಹತ್ತು ಸಲ ಪೆಡಲು ಒತ್ತಿ ನೋಡಿ, ಮೆಲ್ಲಗೆ ಹೊಸಪೇಟೆ ಸೇರಿದೆವು. ಇಜಿಆರ್ ತೊಳೆಸಿ ವಾಪಸ್ ಕೂರಿಸಿದ್ದಾಯ್ತು. ಹಳೇ ಪೈಪೆಲ್ಲಾ ತೆಗೆದು, ಅಳತೆಗೆ ಸರಿಯಾದ ಹೊಸವನ್ನು ಕ್ಲಿಪ್ ಹಾಕಿ ಹತ್ತಿರದ ದಾರಿಯಲ್ಲಿ ಎಳೆಸಿದೆವು. ಯಾವುದು ಎಲ್ಲಿಗೆ ಹೋಗುತ್ತೆ ಅಂತ ಕ್ಯಾಲೆಂಡರಿನ ಹಿಂಬದಿಗೆ ಬರೆದು ಡ್ಯಾಶ್‌ಬೋರ್ಡಿನಲ್ಲಿಟ್ಟೆ. ಸಲೀಸು ಮಾಡೋದು ಅಂದರೆ ಇದೇ ಇರಬೇಕು.

ಮಾವನಿಗೆ ಒಂದು ಪರೀಕ್ಷೆಯನ್ನೂ ಹೇಳಿಕೊಟ್ಟಿದ್ದೀನಿ. ಇಂಜಿನ್ ಆಫ್ ಇದ್ದಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ, ಹಾಗೇ ಹಿಡಿದು ಸ್ಟಾರ್ಟ್ ಮಾಡಬೇಕು. ಪೆಡಲು ತುಸು ಕೆಳಗಿಳಿದರೆ ಬೂಸ್ಟರಿಗೆ ನಿರ್ವಾತ ಬರ್ತಿದೆ ಅಂತ ಅರ್ಥ.

ಈಗ ದಿನಾ ಬೆಳಿಗ್ಗೆ "ಇಳೀತು" ಅಂತ ತಾನೇ ಜೋರಾಗಿ ಹೇಳಿಕೊಂಡ ಮೇಲೇ ಮಾವ ಗೇರ್ ಹಾಕೋದಂತೆ. ಅತ್ತೆ ಫೋನಿನಲ್ಲಿ ನಗ್ತಾ ಹೇಳಿದಳು.